ಕಾನೂನಿನ ಸಂದಿಯಲ್ಲಿ ಬಿದ್ದವರು: ಕಿಂಬರ್ಲೆ ಕ್ರೆನ್‌ಶಾ ಹಿಡಿದು ಕೂತ ಪ್ರಶ್ನೆ

1970ರ ದಶಕದಲ್ಲಿ ಅಮೆರಿಕಕ್ಕೆ ಆರ್ಥಿಕ ಹಿಂಜರಿತ ಬಡಿದಾಗ ಜನರಲ್ ಮೋಟರ್ಸ್ ಕಂಪನಿ ಸೇಂಟ್ ಲೂಯಿಸ್‌ನ ತನ್ನ ಕಾರು ಕಾರ್ಖಾನೆಯಲ್ಲಿ ಕೆಲಸಗಾರರನ್ನು ಕಡಿಮೆ ಮಾಡಿತು. ನಿಯಮ ಸರಳವಾಗಿತ್ತು: ಕೊನೆಗೆ ಸೇರಿದವರು ಮೊದಲು ಹೊರಗೆ. ನೋಡೋಕೆ ಇದರಲ್ಲಿ ಯಾರ ಮೇಲೂ ದ್ವೇಷ ಇಲ್ಲ, ಅಲ್ವಾ? ಆದರೆ 1964ಕ್ಕೆ ಮೊದಲು ಜನರಲ್ ಮೋಟರ್ಸ್ ಕಪ್ಪು ಮಹಿಳೆಯರನ್ನು ಕೆಲಸಕ್ಕೆ ಸೇರಿಸಿಕೊಳ್ಳುತ್ತಲೇ ಇರಲಿಲ್ಲ. ಹಾಗಾಗಿ ಸೀನಿಯಾರಿಟಿ ಪಟ್ಟಿಯ ತಳದಲ್ಲಿ ಅವರೇ ಇದ್ದರು. 1970ರ ನಂತರ ಸೇರಿದ್ದ ಕಪ್ಪು ಮಹಿಳೆಯರೆಲ್ಲ ಕೆಲಸ ಕಳೆದುಕೊಂಡರು.

ಅವರಲ್ಲಿ ಐದು ಜನ ಕೋರ್ಟಿಗೆ ಹೋದರು. ಡೆಗ್ರಾಫೆನ್‌ರೀಡ್ ಪ್ರಕರಣ ಅಂತ ಅದಕ್ಕೆ ಹೆಸರು. 1976ರಲ್ಲಿ ಮಿಸ್ಸೂರಿಯ ಫೆಡರಲ್ ನ್ಯಾಯಾಲಯ ಕೊಟ್ಟ ಉತ್ತರದ ಸಾರ ಇಷ್ಟು. ಕಂಪನಿ ಬಹಳ ವರ್ಷಗಳಿಂದ ಹೆಂಗಸರಿಗೆ ಕೆಲಸ ಕೊಟ್ಟಿದೆ, ಹಾಗಾಗಿ ಲಿಂಗ ತಾರತಮ್ಯ ಇಲ್ಲ. ಜನಾಂಗದ ತಾರತಮ್ಯ ಅಂತೀರಾ, ಇದೇ ಕಂಪನಿಯ ಮೇಲೆ ಆ ಬಗ್ಗೆ ಇನ್ನೊಂದು ಕೇಸು ನಡೆಯುತ್ತಿದೆ, ಅದರ ಜೊತೆ ಸೇರಿಕೊಳ್ಳಿ. ಇದು ಅಥವಾ ಅದು ಅಂತ ಕೇಳಬಹುದು, ಎರಡನ್ನೂ ಕೂಡಿಸಿ ಕೇಳುವ ಹಾಗಿಲ್ಲ.

ಕಂಪನಿ ಮುಂಚಿನಿಂದ ಕೆಲಸ ಕೊಟ್ಟಿದ್ದ ಆ ಹೆಂಗಸರು ಬಿಳಿಯರು, ಕಚೇರಿ ಕೆಲಸದವರು. ಕೆಲಸ ಸಿಕ್ಕಿದ್ದ ಕಪ್ಪು ಜನ ಗಂಡಸರು, ಯಂತ್ರಗಳ ಮುಂದೆ ನಿಲ್ಲುವವರು. ಕಪ್ಪು ಹೆಣ್ಣಿಗೆ ಎರಡೂ ಕಡೆ ಜಾಗ ಇರಲಿಲ್ಲ. ಕೋರ್ಟಿನ ಲೆಕ್ಕದಲ್ಲಿ ಮಾತ್ರ ಎರಡೂ ಪಟ್ಟಿ ಸರಿಯಾಗಿ ತುಂಬಿದ್ದವು. ಇನ್ನೂ ಒಂದು ಭಯ ಕೋರ್ಟಿಗಿತ್ತು. ಹೀಗೆ ಕೂಡಿಸಿ ಕೇಳಲು ಬಿಟ್ಟರೆ ಪರ್ಮ್ಯುಟೇಶನ್ ಕಾಂಬಿನೇಶನ್ ಹಾಕಿಕೊಂಡು ಹೊಸ ಹೊಸ ಗುಂಪುಗಳು ರಕ್ಷಣೆ ಕೇಳಿಕೊಂಡು ಬರುತ್ತವೆ ಅಂತ. ಪಿಯುಸಿ ಗಣಿತದ ಪಾಠ ತೀರ್ಪಿನಲ್ಲಿ ಬಂದು ಕೂತಿದ್ದು ತಮಾಷೆಯಾಗಿ ಕಾಣಬಹುದು. ಆ ಐವರಿಗೆ ತಮಾಷೆಯಾಗಿರಲಿಲ್ಲ. ಮೇಲ್ಮನವಿ ನ್ಯಾಯಾಲಯ ಈ ತರ್ಕವನ್ನು ಪೂರ್ತಿ ಒಪ್ಪುವುದಿಲ್ಲ ಅಂದಿತು, ಆದರೂ ಅವರು ಸೋತರು.

ಈ ತೀರ್ಪನ್ನು ಹಳೆಯ ಕಡತಗಳಿಂದ ಎತ್ತಿ ಎಲ್ಲರ ಮುಂದಿಟ್ಟವರು ಅಮೆರಿಕದ ಕಪ್ಪು ಕಾನೂನು ಪ್ರೊಫೆಸರ್ ಕಿಂಬರ್ಲೆ ಕ್ರೆನ್‌ಶಾ. ಇಂಟರ್‌ಸೆಕ್ಷನಾಲಿಟಿ ಎಂಬ ಪದ ಅವರದು; ಜನಾಂಗ, ಲಿಂಗದಂಥ ಗುರುತುಗಳು ಒಬ್ಬರಲ್ಲೇ ಕೂಡಿದಾಗ ಆಗುವ ಅನ್ಯಾಯಕ್ಕೆ ಇಟ್ಟ ಹೆಸರು. ಇವತ್ತು ಆ ಪದ ಭಾಷಣದಲ್ಲಿ, ಟ್ವೀಟಿನಲ್ಲಿ, ಕಂಪನಿಗಳ ತರಬೇತಿಯಲ್ಲಿ, ಚುನಾವಣಾ ಬೈಗುಳದಲ್ಲಿ, ಎಲ್ಲ ಕಡೆ ಓಡಾಡುತ್ತಿದೆ. ಅದನ್ನು ದೊಡ್ಡ ತತ್ತ್ವ ಅಂತ ತಿಳಿದು ಓದಲು ಹೊರಟರೆ ತಲೆ ಕೆಡುತ್ತದೆ. ಅದು ವಕೀಲೆಯೊಬ್ಬರು ಸೋತ ಕೇಸುಗಳನ್ನು ಓದಿ ಕಂಡುಕೊಂಡ ಕಾನೂನಿನ ಒಂದು ಸಂದಿ. ಹಾಗೆ ನೋಡಿದರೆ ಸುಲಭವಾಗಿ ಅರ್ಥವಾಗುತ್ತದೆ. ಅವರ ನಲವತ್ತು ವರ್ಷದ ಕೆಲಸವನ್ನೂ ನಾನು ಹಾಗೇ ಓದುತ್ತೇನೆ: ಅದೇ ಸಂದಿ ಬೇರೆ ಬೇರೆ ಕಡೆ ಕಾಣಿಸಿಕೊಂಡಾಗಲೆಲ್ಲ ಅವರು ಬೆರಳು ಮಾಡಿ ತೋರಿಸುತ್ತಾ ಬಂದಿದ್ದಾರೆ.

ಕ್ರೆನ್‌ಶಾ ಹುಟ್ಟಿದ್ದು 1959ರಲ್ಲಿ, ಒಹಾಯೋ ರಾಜ್ಯದ ಕ್ಯಾಂಟನ್ ಊರಿನಲ್ಲಿ. ಕಾರ್ನೆಲ್‌ನಲ್ಲಿ ಪದವಿ, 1984ರಲ್ಲಿ ಹಾರ್ವರ್ಡ್‌ನಿಂದ ಕಾನೂನು ಪದವಿ, ಮರುವರ್ಷ ವಿಸ್ಕಾನ್ಸಿನ್‌ನಲ್ಲಿ ಎಲ್‌ಎಲ್‌ಎಂ. 1986ರಲ್ಲಿ ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪಾಠ ಶುರು ಮಾಡಿದರು. ಆಮೇಲೆ ನ್ಯೂಯಾರ್ಕ್‌ನ ಕೊಲಂಬಿಯಾದಲ್ಲೂ ಪ್ರೊಫೆಸರ್ ಆದರು.

ಹಾರ್ವರ್ಡ್ ದಿನಗಳ ಒಂದು ಘಟನೆಯನ್ನು ಅವರೇ ಬರೆದಿದ್ದಾರೆ. ಮೊದಲ ವರ್ಷದ ಪರೀಕ್ಷೆ ಮುಗಿದಿತ್ತು. ಜೊತೆಯ ಕಪ್ಪು ಗೆಳೆಯನೊಬ್ಬ ಅಲ್ಲಿನ ಹೆಸರುವಾಸಿ ಗಂಡಸರ ಕ್ಲಬ್ಬಿನ ಸದಸ್ಯ. ಹಿಂದೆ ಅಮೆರಿಕದ ಅಧ್ಯಕ್ಷರಾಗಿದ್ದವರೂ ಸದಸ್ಯರಾಗಿದ್ದ ಕ್ಲಬ್ಬು ಅದು. ಅವನು ಕ್ರೆನ್‌ಶಾರನ್ನೂ ಇನ್ನೊಬ್ಬ ಕಪ್ಪು ಗೆಳೆಯನನ್ನೂ ಅಲ್ಲಿಗೆ ಕರೆದ. ಇಬ್ಬರೂ ದೊಡ್ಡ ಬಾಗಿಲಿನ ಮುಂದೆ ನಿಂತಾಗ ಅವನು ಮುಖ ಸಣ್ಣ ಮಾಡಿಕೊಂಡು ಹೊರಗೆ ಬಂದ. ಒಂದು ಮಾತು ಹೇಳೋಕೆ ಮರೆತೆ ಅಂದ. ಕಪ್ಪು ಜನ ಅಂತ ತಡೆಯುತ್ತಾರೆ ಎಂದುಕೊಂಡು ಇಬ್ಬರೂ ಸೆಟೆದು ನಿಂತರು. ವಿಷಯ ಅದಲ್ಲ. ಕಪ್ಪು ಗಂಡಸಿಗೆ ಮುಂಬಾಗಿಲು ತೆರೆದಿತ್ತು. ಹೆಣ್ಣಾದ್ದರಿಂದ ಕ್ರೆನ್‌ಶಾ ಹಿಂಬಾಗಿಲಿನಿಂದ ಬರಬೇಕಿತ್ತು. ಇದು ಗೊತ್ತಾದ ಮೇಲೆ ಅಲ್ಲಿದ್ದ ಬಿಗಿ ಸಡಿಲವಾಯಿತು. ಗಲಾಟೆ ಮಾಡೋಣ ಅಂತ ಕ್ರೆನ್‌ಶಾಗೆ ಅನಿಸಿತಂತೆ. ಆದರೆ ಜೊತೆಗಿದ್ದವರು ಯಾರೂ ಅದಕ್ಕೆ ತಯಾರಿರಲಿಲ್ಲ. ಕ್ರೆನ್‌ಶಾ ಸುಮ್ನೆ ಹಿಂದಿನಿಂದ ಹೋದರು. ಜನಾಂಗದ ಅವಮಾನವಾದರೆ ಮೂವರೂ ಹೋರಾಡುತ್ತಿದ್ದರು. ಹೆಣ್ಣಿಗಾದ ಅವಮಾನವನ್ನು ಮೂವರೂ ನುಂಗಿಕೊಂಡರು.

ಅದೇ ಹಾರ್ವರ್ಡ್‌ನಲ್ಲಿ ಇನ್ನೊಂದು ಜಗಳವೂ ನಡೆಯುತ್ತಿತ್ತು. ಅಲ್ಲಿನ ಕಾನೂನು ಶಾಲೆಯಲ್ಲಿ ಖಾಯಂ ಹುದ್ದೆ ಪಡೆದ ಮೊದಲ ಕಪ್ಪು ಪ್ರೊಫೆಸರ್ ಡೆರಿಕ್ ಬೆಲ್ 1980ರಲ್ಲಿ ಆರೆಗಾನ್‌ಗೆ ಹೊರಟುಹೋದರು. ಅವರು ಕಲಿಸುತ್ತಿದ್ದ ಜನಾಂಗ ಮತ್ತು ಕಾನೂನಿನ ಕೋರ್ಸ್ ಅನಾಥವಾಯಿತು. ಆ ಕೋರ್ಸ್ ಬೇಕು, ಅದನ್ನು ಕಲಿಸಲು ಕಪ್ಪು ಅಧ್ಯಾಪಕರು ಬೇಕು ಎಂದು ವಿದ್ಯಾರ್ಥಿಗಳು ಪಟ್ಟು ಹಿಡಿದರು. ಆಡಳಿತ ಬಗ್ಗಲಿಲ್ಲ. ಕೊನೆಗೆ ವಿದ್ಯಾರ್ಥಿಗಳೇ ಹೊರಗಿನ ವಿದ್ವಾಂಸರನ್ನು ಕರೆಸಿ ಪರ್ಯಾಯ ಕೋರ್ಸ್ ನಡೆಸಿದರು. ಅದರ ಹಿಂದೆ ಓಡಾಡಿದವರಲ್ಲಿ ಕ್ರೆನ್‌ಶಾ ಒಬ್ಬರು. ಇದೇ ಬಳಗ ಮುಂದೆ ಬೆಳೆದು 1989ರ ಬೇಸಿಗೆಯಲ್ಲಿ ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ ಒಂದು ಕಾರ್ಯಾಗಾರ ಮಾಡಿತು. ಅಲ್ಲಿಂದ ಕ್ರಿಟಿಕಲ್ ರೇಸ್ ಥಿಯರಿ ಎಂಬ ಹೆಸರು ನಿಂತಿತು. ಈ ವಾದದ ತಿರುಳು ಸಣ್ಣದು. 1964ರ ನಾಗರಿಕ ಹಕ್ಕು ಕಾಯ್ದೆ ಎಲ್ಲರೂ ಸಮ ಅಂದಿತು, ಆದರೂ ಅಸಮಾನತೆ ಯಾಕೆ ಉಳಿದಿದೆ? ಕೆಟ್ಟ ಮನಸ್ಸಿನ ನಾಲ್ಕು ಜನರಿಂದಲಾ, ಅಥವಾ ಸೀನಿಯಾರಿಟಿಯಂಥ ನಿರುಪದ್ರವಿ ನಿಯಮಗಳೇ ಹಳೆಯ ಅನ್ಯಾಯವನ್ನು ಹೊತ್ತು ತರುತ್ತವೆಯಾ? ಎರಡನೆಯದೂ ನಿಜ ಅನ್ನುವುದು ಇವರ ಉತ್ತರ.

1989ರಲ್ಲೇ ಶಿಕಾಗೋ ವಿಶ್ವವಿದ್ಯಾಲಯದ ಕಾನೂನು ಪತ್ರಿಕೆಯೊಂದರಲ್ಲಿ ಕ್ರೆನ್‌ಶಾ ಬರೆದ ಲೇಖನ ಬಂತು. ಡೆಗ್ರಾಫೆನ್‌ರೀಡ್ ಜೊತೆ ಇನ್ನೆರಡು ಕೇಸುಗಳನ್ನು ಅದರಲ್ಲಿ ಬಿಡಿಸಿಟ್ಟರು. ಒಂದರಲ್ಲಿ ಹೆಲಿಕಾಪ್ಟರ್ ಕಂಪನಿಯ ಕಪ್ಪು ಉದ್ಯೋಗಿಯೊಬ್ಬರು ಬಡ್ತಿಯಲ್ಲಿ ಅನ್ಯಾಯವಾಗಿದೆ ಅಂತ ಹೋಗಿದ್ದರು. ನೀವು ಕಪ್ಪು ಮಹಿಳೆ ಅಂತ ದೂರು ಕೊಟ್ಟಿದ್ದೀರಿ, ಎಲ್ಲ ಮಹಿಳೆಯರ ಪರವಾಗಿ ನಿಲ್ಲಲು ಆಗುವುದಿಲ್ಲ ಅಂದಿತು ಕೋರ್ಟು. ಇನ್ನೊಂದರಲ್ಲಿ ಔಷಧಿ ಕಾರ್ಖಾನೆಯ ಕಪ್ಪು ಮಹಿಳೆಯರು ಗೆದ್ದರು, ಆದರೆ ಕಪ್ಪು ಗಂಡಸರನ್ನು ಪ್ರತಿನಿಧಿಸಲು ಅವರಿಗೆ ಅವಕಾಶ ಸಿಗಲಿಲ್ಲ. ಒಂದು ಕಡೆ ನೀವು ಬೇರೆ ಅಲ್ಲ, ಇನ್ನೊಂದು ಕಡೆ ನೀವು ತೀರಾ ಬೇರೆ. ಹೇಗೆ ಹೋದರೂ ಗೋಡೆ.

ಇದನ್ನು ವಿವರಿಸಲು ಅವರು ತಂದ ಉಪಮೆ ನಾಲ್ಕು ರಸ್ತೆ ಕೂಡುವ ಜಾಗ. ನಡುವೆ ನಿಂತವಳಿಗೆ ಯಾವ ಕಡೆಯಿಂದ ಬಂದ ಗಾಡಿಯೂ ಗುದ್ದಬಹುದು. ಕೆಲವೊಮ್ಮೆ ಎರಡು ಕಡೆಯಿಂದ ಒಟ್ಟಿಗೆ. ಕೋರ್ಟು ಏನು ಮಾಡುತ್ತಿದೆ? ಗುದ್ದಿದ ಡ್ರೈವರ್ ಯಾರು ಅಂತ ಖಚಿತವಾಗುವವರೆಗೆ ಆಂಬುಲೆನ್ಸ್ ಕಳಿಸಲ್ಲ ಅನ್ನುತ್ತಿದೆ. ಉಪಮೆಯ ಮೊದಲ ಅರ್ಧವನ್ನು ಎಲ್ಲರೂ ಹೇಳುತ್ತಾರೆ. ನನಗೆ ಆಂಬುಲೆನ್ಸ್ ಮಾತೇ ಮುಖ್ಯ ಅನಿಸುತ್ತದೆ, ಯಾಕೆಂದರೆ ಅವರ ದೂರು ಗಾಡಿಗಳ ಮೇಲೆ ಎಷ್ಟಿದೆಯೋ ಸಹಾಯ ಮಾಡಬೇಕಾದವರ ಮೇಲೂ ಅಷ್ಟೇ ಇದೆ. ಅವರ ಟೀಕೆಗೆ ಸಿಕ್ಕವರಲ್ಲಿ ನ್ಯಾಯಾಧೀಶರಷ್ಟೇ ಅಲ್ಲ, ಸ್ತ್ರೀವಾದಿಗಳೂ ಕಪ್ಪು ಜನರ ಚಳವಳಿಯ ನಾಯಕರೂ ಇದ್ದರು. ಒಬ್ಬರ ಕಣ್ಣಿಗೆ ಹೆಣ್ಣು ಅಂದರೆ ಬಿಳಿಯ ಹೆಣ್ಣು, ಇನ್ನೊಬ್ಬರ ಕಣ್ಣಿಗೆ ಕಪ್ಪು ಅಂದರೆ ಕಪ್ಪು ಗಂಡು.

ಇದನ್ನು ಮೊದಲು ಹೇಳಿದ್ದು ಕ್ರೆನ್‌ಶಾ ಅಲ್ಲ. ಅವರೂ ಹಾಗೆ ಹೇಳಿಕೊಂಡಿಲ್ಲ. ಕಪ್ಪು ಲೇಖಕಿ ಆನಾ ಜೂಲಿಯಾ ಕೂಪರ್ 1892ರಲ್ಲೇ ಈ ಮಾತು ಬರೆದಿದ್ದರು. 1977ರಲ್ಲಿ ಬಾಸ್ಟನ್‌ನ ಕಪ್ಪು ಸ್ತ್ರೀವಾದಿಗಳ ಕೊಂಬಾಹೀ ರಿವರ್ ಕಲೆಕ್ಟಿವ್ ತನ್ನ ಹೇಳಿಕೆಯಲ್ಲಿ ಇದನ್ನೇ ಸಾರಿತ್ತು. ಇವರೆಲ್ಲರಿಗಿಂತ ನನಗೆ ಇಷ್ಟವಾಗುವವರು ಕಪ್ಪು ವಕೀಲೆ ಪೌಲಿ ಮರ್ರಿ. ಕಪ್ಪು ಜನರನ್ನು ದೂರವಿಡುವ ಕಾನೂನುಗಳಿಗೆ ಜಿಮ್ ಕ್ರೋ ಎಂಬ ಹೆಸರಿತ್ತು. ಹೆಣ್ಣನ್ನು ದೂರವಿಡುವ ತಾರತಮ್ಯಕ್ಕೆ ಮರ್ರಿ ಜೇನ್ ಕ್ರೋ ಎಂಬ ತಂಗಿಯನ್ನು ಹುಟ್ಟಿಸಿದರು. ಕಪ್ಪು ಜನರ ಹಾವರ್ಡ್ ವಿಶ್ವವಿದ್ಯಾಲಯದಲ್ಲಿ ಕಾನೂನು ತರಗತಿಗೇ ಮೊದಲಿಗರಾಗಿ ಪಾಸಾದ ಅವರನ್ನು 1944ರಲ್ಲಿ ಹಾರ್ವರ್ಡ್ ಹೆಣ್ಣೆಂದು ಸೇರಿಸಿಕೊಳ್ಳಲಿಲ್ಲ. ಇಪ್ಪತ್ತು ವರ್ಷದ ನಂತರ ನಾಗರಿಕ ಹಕ್ಕು ಕಾಯ್ದೆಯ ಉದ್ಯೋಗದ ಭಾಗದಲ್ಲಿ ಲಿಂಗ ಎಂಬ ಪದ ಉಳಿಯಬೇಕು ಅಂತ ವಾದ ಬರೆದುಕೊಟ್ಟವರಲ್ಲಿ ಅವರೂ ಇದ್ದರು. ಅದಿಲ್ಲದಿದ್ದರೆ ಕಾಯ್ದೆಯ ಫಲ ಸಿಗುವುದು ಅರ್ಧದಷ್ಟು ಕಪ್ಪು ಜನರಿಗೆ ಮಾತ್ರ ಅನ್ನುವುದು ಅವರ ಮಾತಿನ ಹುರುಳು.

ಹಾಗಾದರೆ ಕ್ರೆನ್‌ಶಾ ಹೊಸದಾಗಿ ಏನು ಮಾಡಿದರು? ಅನುಭವದ ಮಾತನ್ನು ಕಾನೂನಿನ ವಾದವಾಗಿ ಮಾಡಿದರು. 1991ರಲ್ಲಿ ಸ್ಟ್ಯಾನ್‌ಫರ್ಡ್‌ನ ಕಾನೂನು ಪತ್ರಿಕೆಯಲ್ಲಿ ಬಂದ ಅವರ ಎರಡನೇ ದೊಡ್ಡ ಲೇಖನದಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಅದರ ವಿಷಯ ಮನೆಯೊಳಗಿನ ಹೊಡೆತ.

ಅಮೆರಿಕದಲ್ಲಿ ನೆಂಟರಿರುವ ಕನ್ನಡಿಗರಿಗೆ ಎರಡು ವರ್ಷದ ಷರತ್ತಿನ ಗ್ರೀನ್ ಕಾರ್ಡ್ ಗೊತ್ತಿರುತ್ತದೆ. 1986ರಲ್ಲಿ ಸುಳ್ಳು ಮದುವೆಗಳನ್ನು ತಡೆಯಲು ಆ ನಿಯಮ ತಂದರು. ಮದುವೆಯಾಗಿ ಬಂದವರು ಎರಡು ವರ್ಷ ಸಂಸಾರ ಮಾಡಿ, ಆಮೇಲೆ ಗಂಡ ಹೆಂಡತಿ ಸೇರಿ ಅರ್ಜಿ ಹಾಕಬೇಕು. ಗಂಡ ಹೊಡೆಯುತ್ತಿದ್ದರೆ? ಬಿಟ್ಟು ಬಂದರೆ ಗಡಿಪಾರಿನ ಭಯ, ಇದ್ದರೆ ಜೀವದ ಭಯ. ಪೆಟ್ಟು ತಿಂದವರಿಗೆ 1990ರಲ್ಲಿ ವಿನಾಯ್ತಿ ಕೊಟ್ಟರು, ಆದರೆ ಪೊಲೀಸರು, ಡಾಕ್ಟರ್, ಮನಶ್ಶಾಸ್ತ್ರಜ್ಞರು, ಇಂಥವರಿಂದ ದಾಖಲೆ ತರಬೇಕಿತ್ತು. ಇಂಗ್ಲಿಷ್ ಬಾರದ, ಗಂಡನನ್ನು ಬಿಟ್ಟು ಯಾರ ಪರಿಚಯವೂ ಇಲ್ಲದ ಹೆಣ್ಣು ಮನಶ್ಶಾಸ್ತ್ರಜ್ಞರನ್ನು ಎಲ್ಲಿಂದ ಹುಡುಕುತ್ತಾಳೆ? ಆಶ್ರಯ ಮನೆಗೆ ಹೋದರೆ ಅಲ್ಲೂ ಕಷ್ಟ. ಗಂಡ ಕೊಲ್ಲುತ್ತೇನೆ ಎಂದು ಬೆದರಿಸಿದ್ದ ಲ್ಯಾಟಿನ್ ಅಮೆರಿಕ ಮೂಲದ ಮಹಿಳೆಯೊಬ್ಬರನ್ನು ಆಶ್ರಯ ಮನೆಯೊಂದು ಇಂಗ್ಲಿಷ್ ಬರುವುದಿಲ್ಲ ಎಂಬ ಕಾರಣಕ್ಕೆ ಸೇರಿಸಿಕೊಳ್ಳದಿದ್ದನ್ನು ಕ್ರೆನ್‌ಶಾ ದಾಖಲಿಸಿದ್ದಾರೆ. ಸಮಾಲೋಚನೆ ಇಂಗ್ಲಿಷಿನಲ್ಲಿ ನಡೆಯುತ್ತದೆ, ಇವರು ಒಂಟಿಯಾಗುತ್ತಾರೆ ಅನ್ನುವುದು ಆಶ್ರಯ ಮನೆಯವರು ಕೊಟ್ಟ ಕಾರಣ. ಒಂಟಿತನ ತಪ್ಪಿಸಲು ಬೀದಿಗೆ ಕಳಿಸಿದ ಹಾಗಾಯಿತು.

ಇದೇ ಲೇಖನಕ್ಕೆ ಅವರು ಲಾಸ್ ಏಂಜಲಿಸ್ ಪೊಲೀಸರ ಹತ್ತಿರ ಮನೆ ಹಿಂಸೆಯ ಅಂಕಿಅಂಶವನ್ನು ಠಾಣಾವಾರು ಕೇಳಿದರು. ಕೊಡಲಿಲ್ಲ. ಕಾರಣ ಸ್ವಾರಸ್ಯವಾಗಿದೆ. ಇದು ಬರೀ ಕಪ್ಪು ಜನರ ಸಮಸ್ಯೆ ಅಂತ ಸರ್ಕಾರ ಕೈ ತೊಳೆದುಕೊಳ್ಳಬಹುದು ಎಂದು ಮಹಿಳಾ ಹೋರಾಟಗಾರರಿಗೆ ಭಯ. ಕಪ್ಪು ಗಂಡಸರೆಂದರೆ ಹಿಂಸೆ ಮಾಡುವವರು ಎಂಬ ಹಳೆಯ ಮಾತಿಗೆ ಪುರಾವೆ ಸಿಗುತ್ತದೆ ಎಂದು ಸಮುದಾಯದ ಮುಖಂಡರಿಗೆ ಭಯ. ಇಬ್ಬರ ಭಯಕ್ಕೂ ಅರ್ಥವಿತ್ತು. ನಡುವೆ ಏಟು ತಿನ್ನುತ್ತಿದ್ದ ಕಪ್ಪು ಹೆಂಗಸಿನ ಲೆಕ್ಕ ಮಾತ್ರ ಕಡತದಲ್ಲೇ ಉಳಿಯಿತು. ಇಡೀ ವಾದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಅದೇ 1991ರ ಅಕ್ಟೋಬರ್‌ನಲ್ಲಿ ಈ ಸಂದಿಯನ್ನು ಇಡೀ ದೇಶ ಟಿವಿಯಲ್ಲಿ ನೋಡಿತು. ಸುಪ್ರೀಂ ಕೋರ್ಟಿಗೆ ನೇಮಕವಾಗಬೇಕಿದ್ದ ಕ್ಲಾರೆನ್ಸ್ ಥಾಮಸ್ ಮೇಲೆ, ಅವರ ಕೈಕೆಳಗೆ ಕೆಲಸ ಮಾಡಿದ್ದ ಅನಿತಾ ಹಿಲ್ ಲೈಂಗಿಕ ಕಿರುಕುಳದ ಆರೋಪ ಮಾಡಿದರು. ಇಬ್ಬರೂ ಕಪ್ಪು ಜನ. ಹಿಲ್ ಅವರ ಕಾನೂನು ತಂಡಕ್ಕೆ ಕ್ರೆನ್‌ಶಾ ನೆರವಾಗಿದ್ದರು. ಥಾಮಸ್ ಈ ವಿಚಾರಣೆಯನ್ನು ಹೈಟೆಕ್ ಲಿಂಚಿಂಗ್ ಎಂದು ಕರೆದರು. ಒಂದೇ ಪದದಿಂದ ಕಪ್ಪು ಜನರನ್ನು ಗುಂಪು ಕಟ್ಟಿ ಕೊಂದ ಇತಿಹಾಸವನ್ನೆಲ್ಲ ತಮ್ಮ ಬೆನ್ನಿಗೆ ನಿಲ್ಲಿಸಿಕೊಂಡರು. ಹಿಲ್ ಬೆನ್ನಿಗೆ ಅಂಥ ಕಥೆ ಇರಲಿಲ್ಲ. ಬೆಂಬಲಕ್ಕೆ ಬಂದ ಸ್ತ್ರೀವಾದಿಗಳು ಅವರನ್ನು ಬರೀ ಹೆಣ್ಣಾಗಿ ಕಂಡರು, ಕಪ್ಪು ಸಮುದಾಯದಲ್ಲಿ ಅನೇಕರು ಮನೆ ಮಾತನ್ನು ಬೀದಿಗೆ ತಂದವಳು ಅಂದರು. ಸೆನೆಟ್ 52-48 ಮತಗಳಿಂದ ಥಾಮಸ್ ಅವರನ್ನು ಒಪ್ಪಿತು. 1600ಕ್ಕೂ ಹೆಚ್ಚು ಕಪ್ಪು ಮಹಿಳೆಯರು ಹಣ ಕೂಡಿಸಿ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ಪ್ರತಿಭಟಿಸಿದರು. ಮರುವರ್ಷ ಇಲಿನಾಯ್‌ನಿಂದ ಕ್ಯಾರಲ್ ಮೋಸ್ಲಿ ಬ್ರೌನ್ ಗೆದ್ದು ಸೆನೆಟ್‌ನ ಮೊದಲ ಕಪ್ಪು ಮಹಿಳೆಯಾದರು.

1996ರಲ್ಲಿ ಕ್ರೆನ್‌ಶಾ, ಲ್ಯೂಕ್ ಹ್ಯಾರಿಸ್ ಜೊತೆ ಸೇರಿ ಆಫ್ರಿಕನ್ ಅಮೆರಿಕನ್ ಪಾಲಿಸಿ ಫೋರಂ ಎಂಬ ಸಂಸ್ಥೆ ಕಟ್ಟಿದರು. ಅಲ್ಲಿಂದ ಅವರ ಕೆಲಸ ಕ್ಲಾಸ್‌ರೂಮಿನ ಹೊರಗೂ ಜಾಸ್ತಿಯಾಯಿತು. ಅವರು ಬರೀ ಎದುರಾಳಿಗಳನ್ನು ಟೀಕಿಸುವವರಲ್ಲ. ಒಬಾಮ 2014ರಲ್ಲಿ ಕಪ್ಪು ಮತ್ತು ಬಿಳಿಯರಲ್ಲದ ಇತರ ಹುಡುಗರ ಏಳಿಗೆಗೆ ಮೈ ಬ್ರದರ್ಸ್ ಕೀಪರ್ ಎಂಬ ಕಾರ್ಯಕ್ರಮ ತಂದಾಗ, ಹುಡುಗಿಯರು ಎಲ್ಲಿ ಎಂದು ಬಹಿರಂಗವಾಗಿ ಕೇಳಿದರು. ಹುಡುಗರ ಸ್ಥಿತಿ ಕೆಟ್ಟಿದೆ ಅನ್ನುವುದು ಆಗ ಎಲ್ಲರ ಬಾಯಲ್ಲಿತ್ತು. ಸರ್ಕಾರದ್ದೇ ಶಾಲಾ ಅಂಕಿಅಂಶ ಬೇರೆಯದನ್ನೂ ಹೇಳುತ್ತಿತ್ತು: ಬಿಳಿಯ ಹುಡುಗರಿಗೆ ಹೋಲಿಸಿದರೆ ಕಪ್ಪು ಹುಡುಗರನ್ನು ಶಾಲೆಯಿಂದ ಅಮಾನತು ಮಾಡುವುದು 3 ಪಟ್ಟು, ಬಿಳಿಯ ಹುಡುಗಿಯರಿಗೆ ಹೋಲಿಸಿದರೆ ಕಪ್ಪು ಹುಡುಗಿಯರನ್ನು 6 ಪಟ್ಟು.

ಅದೇ ವರ್ಷದ ನವೆಂಬರ್‌ನಲ್ಲಿ ಕ್ಲೀವ್‌ಲ್ಯಾಂಡ್ ನಗರದಲ್ಲಿ 12 ವರ್ಷದ ಟಮೀರ್ ರೈಸ್ ಪೊಲೀಸ್ ಗುಂಡಿಗೆ ಬಲಿಯಾದ. ಅವನ ಹೆಸರು ಜಗತ್ತಿಗೇ ಗೊತ್ತಾಯಿತು. ಅದಕ್ಕೆ ಹತ್ತು ದಿನವೂ ಮೊದಲಲ್ಲ, ಅದೇ ನಗರದಲ್ಲಿ ತನೀಶಾ ಆಂಡರ್ಸನ್ ಎಂಬ ಮಹಿಳೆ ಪೊಲೀಸರ ವಶದಲ್ಲಿ ಸತ್ತಿದ್ದರು. ಆ ಹೆಸರು ಎಷ್ಟು ಜನರಿಗೆ ಗೊತ್ತು? ಸೇ ಹರ್ ನೇಮ್ (ಅವಳ ಹೆಸರು ಹೇಳಿ) ಎಂಬ ಅಭಿಯಾನವನ್ನು ಕ್ರೆನ್‌ಶಾ ಬಳಗ ಶುರು ಮಾಡಿದ್ದು ಇದಕ್ಕೇ. 2016ರ ಒಂದು ಟೆಡ್ ಭಾಷಣದಲ್ಲಿ ಅವರು ಸಭಿಕರನ್ನೆಲ್ಲ ನಿಲ್ಲಿಸಿ, ಗೊತ್ತಿಲ್ಲದ ಹೆಸರು ಬಂದಾಗ ಕೂತುಕೊಳ್ಳಿ ಅಂದರು. ಪೊಲೀಸರಿಂದ ಸತ್ತ ಗಂಡಸರ ಹೆಸರು ಹೇಳುವವರೆಗೆ ಬಹಳ ಜನ ನಿಂತೇ ಇದ್ದರು. ಹೆಂಗಸರ ಹೆಸರು ಶುರುವಾದ ಮೇಲೆ ಸಭೆ ಬಹುತೇಕ ಕೂತುಬಿಟ್ಟಿತು.

ಈ ಪದದ ಮೇಲಿನ ಸಿಟ್ಟು ಎಲ್ಲಿಂದ ಬಂತು? ಒಂದು ಕಾರಣ ತಪ್ಪು ತಿಳಿವಳಿಕೆ. ಎಷ್ಟು ಗುರುತು ಕೂಡುತ್ತವೋ ಅಷ್ಟು ನೋವು, ಅಷ್ಟು ಮಾರ್ಕು ಎಂಬಂತೆ ಇದನ್ನು ಬಳಸುವವರಿದ್ದಾರೆ. ವಿರೋಧಿಗಳು ಮಾತ್ರವಲ್ಲ, ಅಭಿಮಾನಿಗಳೂ. ಮೂಲ ಲೇಖನ ಹೇಳುವುದು ಅದಲ್ಲ. ಕಪ್ಪು ಮಹಿಳೆಗೆ ಕೆಲವೊಮ್ಮೆ ಬಿಳಿಯ ಮಹಿಳೆಗೆ ಆಗುವಂಥ ಅನ್ಯಾಯವೇ ಆಗುತ್ತದೆ, ಕೆಲವೊಮ್ಮೆ ಕಪ್ಪು ಗಂಡಸಿಗೆ ಆಗುವಂಥದ್ದು, ಕೆಲವೊಮ್ಮೆ ಎರಡೂ. ಇನ್ನು ಕೆಲವೊಮ್ಮೆ ಯಾವ ಕೂಡುವ ಲೆಕ್ಕಕ್ಕೂ ಸಿಗದ, ಅವಳಿಗೇ ಆಗುವ ಅನ್ಯಾಯ. ಇನ್ನೊಂದು ಕಾರಣ ಶುದ್ಧ ರಾಜಕೀಯ. 2020ರ ಸೆಪ್ಟೆಂಬರ್‌ನಲ್ಲಿ ಟ್ರಂಪ್ ಸರ್ಕಾರ ಕ್ರಿಟಿಕಲ್ ರೇಸ್ ಥಿಯರಿಯ ಹೆಸರು ಹಿಡಿದು ಸರ್ಕಾರಿ ತರಬೇತಿಗಳಿಗೆ ತಡೆ ಹಾಕಿತು. ಬೈಡನ್ ಬಂದು ತೆಗೆದರು. ಅಷ್ಟರಲ್ಲಿ ಆ ಹೆಸರು ಚುನಾವಣೆಯ ಸರಕಾಗಿತ್ತು. 2023ರಲ್ಲಿ ಹೈಸ್ಕೂಲಿನ ಆಫ್ರಿಕನ್ ಅಮೆರಿಕನ್ ಅಧ್ಯಯನದ ಹೊಸ ಪಠ್ಯಕ್ರಮವನ್ನು ಫ್ಲಾರಿಡಾ ತಿರಸ್ಕರಿಸಿತು. ಕೆಲವೇ ವಾರಗಳಲ್ಲಿ ಬಂದ ಪರಿಷ್ಕೃತ ರೂಪದಲ್ಲಿ ಕ್ರೆನ್‌ಶಾ ಹೆಸರು ಇರಲಿಲ್ಲ.

ಎಲ್ಲ ಟೀಕೆಯೂ ಹೀಗೆ ಹಗುರವಲ್ಲ. ಭಾರತದಲ್ಲೇ ಸ್ತ್ರೀವಾದಿ ಚಿಂತಕಿ ನಿವೇದಿತಾ ಮೆನನ್ 2015ರಲ್ಲಿ ಇದನ್ನು ಪ್ರಶ್ನಿಸಿ ಬರೆದರು. ಜಾತಿ, ಧರ್ಮ ಬಿಟ್ಟು ಹೆಣ್ಣು ಎಂಬ ಗುರುತು ಇಲ್ಲಿ ಯಾವತ್ತೂ ಇರಲಿಲ್ಲ, ಹಾಗಿರುವಾಗ ಈ ಪದದಿಂದ ಹೊಸದಾಗಿ ಏನು ಸಿಕ್ಕಿತು ಎಂಬುದು ಅವರ ವಾದ. ಅದೇ ವರ್ಷ ಇನ್ನೊಬ್ಬ ಸ್ತ್ರೀವಾದಿ ವಿದ್ವಾಂಸೆ ಮೇರಿ ಜಾನ್ ಉತ್ತರ ಕೊಟ್ಟರು, ತಳ್ಳಿಹಾಕುವ ಬದಲು ಮಾತುಕತೆ ನಡೆಸೋಣ ಎಂದು. ಮೆನನ್ ಮಾತಿನಲ್ಲಿ ಸತ್ಯಾಂಶ ಇದೆ. ಬೆಂಗಳೂರಿನ ರೂತ್ ಮನೋರಮಾ ಮತ್ತು ಸಂಗಾತಿಗಳು 1995ರಲ್ಲಿ ದಲಿತ ಮಹಿಳೆಯರ ರಾಷ್ಟ್ರೀಯ ಒಕ್ಕೂಟ ಕಟ್ಟಿದಾಗ, ಜಾತಿ, ವರ್ಗ, ಲಿಂಗ ಮೂರೂ ಒಟ್ಟಿಗೆ ಹೊಡೆಯುತ್ತವೆ ಎಂದು ತಮ್ಮ ಅನುಭವದಿಂದಲೇ ಹೇಳಿದ್ದರು. ಅದಕ್ಕೆ ಅಮೆರಿಕದ ಪದ ಬೇಕಾಗಿರಲಿಲ್ಲ.

ಆದರೆ ಕೋರ್ಟಿಗೆ ಬೇಕಾಗಿತ್ತೇನೋ. ನಮ್ಮ ಸಂವಿಧಾನದ 15ನೇ ವಿಧಿ ಧರ್ಮ, ಜನಾಂಗ, ಜಾತಿ, ಲಿಂಗ ಮೊದಲಾದ ಕಾರಣಗಳಿಂದ ಮಾತ್ರ ತಾರತಮ್ಯ ಮಾಡಬಾರದು ಅನ್ನುತ್ತದೆ. ಆ ಮಾತ್ರ ಎಂಬ ಪದ ಹಿಡಿದು 1981ರ ಏರ್ ಇಂಡಿಯಾ ಗಗನಸಖಿಯರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಲಿಂಗದ ಜೊತೆ ಬೇರೆ ಕಾರಣ ಸೇರಿದ್ದರೆ ಈ ವಿಧಿ ಅಡ್ಡ ಬರುವುದಿಲ್ಲ ಎಂದಿತ್ತು. ಮೊದಲ ಬಸಿರಿಗೇ ಕೆಲಸದಿಂದ ತೆಗೆಯುವ ನಿಯಮವನ್ನು ಅದು ರದ್ದು ಮಾಡಿತು, ಆದರೆ ಬೇರೆ ವಿಧಿಯ ಅಡಿಯಲ್ಲಿ. ಸೇಂಟ್ ಲೂಯಿಸ್‌ನ ತರ್ಕದ ದಾಯಾದಿ ಇದು. 2018ರಲ್ಲಿ ಸಲಿಂಗಿಗಳ ಹಕ್ಕಿನ ತೀರ್ಪು ಬರೆಯುವಾಗ ನ್ಯಾಯಮೂರ್ತಿ ಚಂದ್ರಚೂಡ್ ಈ ಹಳೆಯ ಓದನ್ನು ಒಪ್ಪಲಿಲ್ಲ. 2021ರ ಏಪ್ರಿಲ್‌ನಲ್ಲಿ ಪಟಾನ್ ಜಮಾಲ್ ವಲಿ ಪ್ರಕರಣದಲ್ಲಿ ಅವರ ಪೀಠ ಇಂಟರ್‌ಸೆಕ್ಷನಾಲಿಟಿಯನ್ನು ಕ್ರೆನ್‌ಶಾ ಹೆಸರಿನೊಂದಿಗೇ ಉದ್ದಕ್ಕೆ ವಿವರಿಸಿತು. ಅತ್ಯಾಚಾರಕ್ಕೆ ಒಳಗಾದವರು ಆಂಧ್ರಪ್ರದೇಶದ, ಹುಟ್ಟು ಕುರುಡಿಯಾದ, ಪರಿಶಿಷ್ಟ ಜಾತಿಯ ಯುವತಿ. ಯಾವ ಗುರುತಿನಿಂದ ಎಷ್ಟು ಅಂತ ಇವರ ನೋವನ್ನು ಸೀಳಿ ನೋಡಲಾಗದು ಎಂದು ಪೀಠ ಹೇಳಿತು, ಅತ್ಯಾಚಾರಕ್ಕೆ ಕೊಟ್ಟಿದ್ದ ಜೀವಾವಧಿ ಶಿಕ್ಷೆಯನ್ನು ಎತ್ತಿಹಿಡಿಯಿತು. ದೌರ್ಜನ್ಯ ತಡೆ ಕಾಯ್ದೆಯ ಅಡಿಯಲ್ಲಿ ಆಗಿದ್ದ ಶಿಕ್ಷೆಯನ್ನು ಮಾತ್ರ ತೆಗೆದುಹಾಕಿತು. ಜಾತಿಯ ಕಾರಣಕ್ಕೇ ಈ ಅಪರಾಧ ನಡೆಯಿತು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿತ್ತು, ಸಾಕ್ಷಿ ಇರಲಿಲ್ಲ. ಜಾತಿ ಗೊತ್ತಿದ್ದು ಮಾಡಿದ್ದರೆ ಸಾಕು ಎಂದು ಸಂಸತ್ತು ಆ ಕಲಮನ್ನು ತಿದ್ದಿದ್ದು ಜಾರಿಗೆ ಬಂದದ್ದು 2016ರಲ್ಲಿ. ಈ ಯುವತಿಯ ಪ್ರಕರಣ ಅದಕ್ಕಿಂತ ಹಿಂದಿನದು, 2011ರದ್ದು.